ಗಂಡುಮಗುವಿಗೊಂದು ಹೊಡೆದಾಟ

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಒದ್ದೆ ಕೌದಿ.

ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಐತವಾರವೆಂದರೆ ಹಾಸಿಗೆ ಹೊದಿಕೆ ಒಗೆಯುವ ದಿನ. ಹಿಂದಿನ ಮನೆಯ ಸೈದಾನಬಿ ತನ್ನ ಐವರು ಗಂಡುಮಕ್ಕಳು ಒಟ್ಟಿಗೇ ಹೊದ್ದು ಮಲಗುವ ದೊಡ್ಡ ಕೌದಿಯನ್ನು ಒಗೆದು ಹಗ್ಗದ ಮೇಲೆ ಹಾಕಿದಳು. ಹಗ್ಗ ಹರಿಯಿತು. ಸುತ್ತ ನೋಡಿದಾಗ ಅವಳಿಗೆ ಕಂಡದ್ದು ಗೂಡ್ಸ್ ಕ್ಲರ್ಕ್ ಶಿವರಾಯನ ಮಾಳಿಗೆಯ ಮೇಲೆ ಕೈಚಾಚಿ ನಿಂತಿದ್ದ ಟಿ.ವಿ. ಆಂಟೆನಾ. ಬಟ್ಟೆ ಒಣಹಾಕಲು ಅದಕ್ಕಿಂತ ಅನುಕೂಲದ ವಸ್ತು ಆ ಸಾಲಿನಲ್ಲಿ ಬೇರೊಂದಿರಲಿಲ್ಲ. ಏಣಿ ಹತ್ತಿ ಹರವಿ ಬಂದಳು. ಅಷ್ಟು ಹೊತ್ತು ಗುಲ್ಬರ್ಗಾದ ಕಡೆಗೆ ಮುಖ ಮಾಡಿ ನೆಟ್ಟಗಿದ್ದ ಆಂಟೆನಾ ಬಿಂದಿಗೆ ಬಿದ್ದ ಬಾವಿಯಲ್ಲಿ ಇಣುಕುವವರ ಹಾಗೆ ಬಗ್ಗಿ ನೆಲ ನೋಡತೊಡಗಿತು.

ಒಳಗೆ ಶಿವರಾಯ ಸಂಜೆಯ ಸಿನಿಮಾಕ್ಕೆ ಮುಂಚೆ ಒಮ್ಮೆ ಪರೀಕ್ಷೆಗೆಂದು ಟಿ.ವಿ. ಹಚ್ಚಿದ. ತೆರೆಯ ತುಂಬ ಸಜ್ಜೆ ಚೆಲ್ಲಿದಂತೆ ಚುಕ್ಕಿಗಳು. ಕಾದ ಹೆಂಚಿಗೆ ನೀರು ಚಿಮುಕಿಸಿದಂಥ ಸಪ್ಪಳ. ಅಂಗಳಕ್ಕಿಳಿದು ಮಾಳಿಗೆಯತ್ತ ನೋಡಿ ಬಂದ.

"ಏನಾತೋ ಶಿವ್ಯಾ?" ಎಂದಳು ತಾಯಿ ಸುಂದರಬಾಯಿ, ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ.

"ಏನಿಲ್ಲವ್ವಾ. ಕಡ್ಡಿ ಸ್ವಲ್ಪ ಬಗ್ಗ್ಯಾದ."

"ಕಡ್ಡಿ ಬಗ್ಗಲಿ, ಮುರೀಲಿ. ಸಂಜಿಗಿ ಹೊಡೆದಾಟ ಕಾಣಬೇಕು ನೋಡು. ಇಲ್ಲಂದ್ರ ನಾಳೆ ಬೊಂಬಾಯಿ ಮೇಲ್. ನೆನಪದ ಇಲ್ಲ?"

ನೆನಪಿರದೆ ಏನು? ಒಂದು ತಿಂಗಳಿನಿಂದ ಶಿವರಾಯನಿಗೆ ಬೇರೆ ನೆನಪೇ ಇರಲಿಲ್ಲ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ಶಿವಕಾಂತಮ್ಮನಿಗೆ ಈಗ ಮತ್ತೆ ಐದನೇ ತಿಂಗಳು. ಸುಂದರಬಾಯಿ ಸೊಲ್ಲಾಪುರದ ಒಂದು ಮದುವೆಗೆ ಹೋಗಿಬಂದವಳು ಊಟಕ್ಕೆ ಕೂತಾಗ ಸುದ್ದಿ ತೆಗೆದಿದ್ದಳು.

"ಬೊಂಬಾಯಿದಾಗ ಹೊಟ್ಟಿಗಿ ಸೂಜಿ ಚುಚ್ಚಿ, ಒಳಗಿನ ನೀರು ತಗದು, ಕೂಸು ಗಂಡೋ ಹೆಣ್ಣೋ ಹೇಳ್ತಾರಂತ. ನಮ್ಮಣ್ಣನ ಮಮ್ಮಗಳು ಹೋಗಿದ್ಲು."

"ಏನಂದ್ರಂತ?"

"ಹೆಣ್ಣಂದ್ರಂತ."

"ಮತ್ತ?"

"ಮತ್ತೇನು? ಬರುವಾಗ ಖಾಲಿ ಹೊಟ್ಟೀಲೆ ಬಂದ್ಲು."

ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಶಿವರಾಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. "ನಿನಗ ಹ್ಯಾಂಗೂ ರೈಲ್ವೆ ಪಾಸ್ ಅದ," ಎಂದು ಸುಂದರಬಾಯಿ ಪಲ್ಯ ಹಾಕಿಸಿಕೊಂಡಳು.

ಶಿವರಾಯ ಯಾರಿಗೂ ಎದುರು ಮಾತಾಡಿದವನಲ್ಲ. ಸಂತೆಗೆ ಹೊರಟರೆ ಸಾಲಿನ ಎಲ್ಲ ಮನೆಗಳ ಚೀಲಗಳೂ ಅವನ ಹೆಗಲಿಗೇ ಬರುತ್ತಿದ್ದವು. ಅಂಥವನು ಹೆತ್ತ ತಾಯಿಗೆ ಏನು ಹೇಳಿಯಾನು? ತಟ್ಟೆ ನೋಡುತ್ತ ಕೂತ. ಆಗ ಸುಂದರಬಾಯಿಯೇ ಇನ್ನೊಂದು ದಾರಿ ತೋರಿಸಿದಳು.

"ಬೊಂಬಾಯಿ ಬ್ಯಾಡಂದ್ರ ಇನ್ನೊಂದದ. ಐದನೇ ತಿಂಗಳದಾಗ ಬಸರಿ ಹೆಂಗಸು ಐತವಾರಕ್ಕೊಮ್ಮಿ ಗಂಡಸರ ಹೊಡೆದಾಟ ಕಣ್ತುಂಬ ನೋಡಿದ್ರ ಕೂಸು ಗಂಡೇ ಆಗ್ತದಂತ. ಹಿಂದಕ್ಕ ಕುಸ್ತಿ ತೋರಸ್ತಿದ್ರಂತ. ಈಗ ನಮ್ಮನ್ಯಾಗ ಟಿ.ವಿ. ಅದ."

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. "ಅದೇ ಛಲೋ ಅವ್ವಾ! ನೋಡ್ಲಿ, ಎಷ್ಟ್ ಬೇಕಾದ್ರೂ ನೋಡ್ಲಿ!" ಎಂದ ಶಿವರಾಯ. ಶಿವಕಾಂತಮ್ಮ ಅವನನ್ನೊಮ್ಮೆ ದೀರ್ಘವಾಗಿ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆದರೆ ಸಿನಿಮಾದವರಿಗೆ ಈ ಮನೆಯ ಕಷ್ಟ ಗೊತ್ತಿರಬೇಕಲ್ಲ? ಒಂದು ಐತವಾರ ಬರೀ ಅಳುವ ಚಿತ್ರ ಬಂತು. ಮುಂದಿನ ವಾರದ್ದರಲ್ಲಿ ಮಾವನೊಬ್ಬ ಅಳಿಯನ ಕೆನ್ನೆಗೆ ಹೊಡೆದ. "ಒಂದೇ ಕಪಾಳಕ್ಕ ಗಂಡು ಹುಟ್ಟೂದಿಲ್ಲ," ಎಂದು ಸುಂದರಬಾಯಿ ಅದನ್ನು ತಳ್ಳಿಹಾಕಿದಳು. ಅದರ ಮುಂದಿನ ವಾರ ಕರೆಂಟೇ ಇರಲಿಲ್ಲ. ಇವತ್ತು ಐದನೇ ತಿಂಗಳಿನ ಕೊನೆಯ ಐತವಾರ. ಸ್ಟೇಷನ್ನಿನ ಪುಸ್ತಕದಂಗಡಿಯವನು ಪೇಪರ್ ನೋಡಿ, ಇವತ್ತಿನ ಚಿತ್ರದಲ್ಲಿ ಶುರುವಿನಿಂದ ಕೊನೆಯ ತನಕ ಬಡಿದಾಟವೇ ಎಂದು ಭರವಸೆ ಕೊಟ್ಟಿದ್ದ. ಇಂಥ ದಿನ ಕೌದಿ!

ಶಿವರಾಯ ಬಿದಿರು ಕೋಲು ಹುಡುಕಲು ಹೊರಬಿದ್ದ. ಸಾಲಿನ ಕೊನೆಯ ಮನೆಯ ಕಟ್ಟೆಯ ಮೇಲಿಂದ ಬಸವಂತರಾಯ ಮಾಸ್ತರರು ಅವನನ್ನು ಹಿಡಿದರು. ನಿವೃತ್ತ ಹೆಡ್ಮಾಸ್ತರರು, ಮಗನ ಮನೆಯಲ್ಲಿದ್ದುಕೊಂಡು ಇಡೀ ಕ್ವಾರ್ಟರ್ಸನ್ನು ಒಂದು ತರಗತಿಯಂತೆ ನಡೆಸುತ್ತಿದ್ದರು.

"ಶಿವರಾಯಾ, ಇಲ್ಲಿ ಬಾ. ಏನಿದು?"

ಕಟ್ಟೆಯ ಮೇಲೆ ಒಡೆದ ಮಣ್ಣಿನ ನೀರು ಹರವಿಯ ಚೂರುಗಳಿದ್ದವು.

"ಹರವಿ ಒಡದದ್ರಿ ಸರ್."

"ಒಡೆದಿಲ್ಲ. ಒಡೆಯಲಾಗಿದೆ. ಹುಡುಗರು ತೊಗರಿ ಕಟ್ಟಿಗಿ ಹಿಡಕೊಂಡು ಹೊಡೆದಾಡಿದವು. ಒಬ್ಬ ನಾಯಕನಂತ, ಒಬ್ಬ ಖಳನಾಯಕನಂತ. ನಡುವ ನನ್ನ ಹರವಿ! ಈ ಹಿಂಸೆ ಎಲ್ಲಿಂದ ಬಂತು? ನಿನ್ನ ಟಿ.ವಿ.ಯಿಂದ ಬಂತು."

"ತಪ್ಪಾತ್ರಿ ಸರ್," ಎಂದ ಶಿವರಾಯ, ಹರವಿ ತಾನೇ ಒಡೆದವನ ಹಾಗೆ.

"ಬರೀ ತಪ್ಪಾತು ಅಂದ್ರ ಸಾಲದು. ಸಂಜಿ ಸಿನಿಮಾಕ್ಕ ಮೊದಲು ನಿನ್ನ ಅಂಗಳದಾಗ ಚರ್ಚಾಕೂಟ ಇಟ್ಟೀನಿ. ದೂರದರ್ಶನದ ಹಿಂಸೆ ಸಮಾಜಕ್ಕೆ ಹಿತವೋ, ಅಹಿತವೋ? ಎಲ್ಲಾರಿಗೂ ಹೇಳಿ ಕಳಿಸೀನಿ. ನೀನು ಅಹಿತದ ಪರ ಮಾತಾಡಬೇಕು. ಟಿ.ವಿ. ಇದ್ದವನೇ ಮಾತಾಡಿದ್ರ ತೂಕ ಬರ್ತದ. ಕೊನಿಗಿ, ಇವತ್ತು ಸಿನಿಮಾ ಹಚ್ಚೂದಿಲ್ಲ ಅಂತ ನೀನೇ ಘೋಷಣೆ ಮಾಡಬೇಕು. ಆಗಬಹುದಲ್ಲ?"

ಶಿವರಾಯನ ಎದೆಯಲ್ಲಿ ಆಗದು ಎಂಬುದು ಹುಟ್ಟಿತು, ಗಂಟಲ ತನಕ ಬಂತು, ಬಾಯಿಗೆ ಬರುವಷ್ಟರಲ್ಲಿ "ಆಗಲ್ರಿ ಸರ್" ಎಂದಾಗಿತ್ತು.

ಅದೇ ಹೊತ್ತಿಗೆ ಸ್ಟೇಷನ್ನಿನಿಂದ ಬೊಂಬಾಯಿ ಕಡೆಯ ಗಾಡಿಯೊಂದು ಉದ್ದಕ್ಕೆ ಕೂಗಿಕೊಂಡು ಹೊರಟಿತು. ಹುಟ್ಟಿದಂದಿನಿಂದ ಗಾಡಿಗಳ ನಡುವೆಯೇ ಬೆಳೆದ ಶಿವರಾಯ ಆ ಕೂಗಿಗೆ ಬೆಚ್ಚಿಬಿದ್ದ.

ಮನೆಗೆ ಬಂದಾಗ ಪಕ್ಕದ ಮನೆಯ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ನರಸಪ್ಪ ಆಗಲೇ ಮಾಳಿಗೆ ಹತ್ತಿದ್ದ. ಸಿನಿಮಾದ ಹುಚ್ಚು ಅವನಿಗೆ ಶಿವರಾಯನಿಗಿಂತ ಹೆಚ್ಚು. ಇಬ್ಬರೂ ಕೂಡಿ ಕೌದಿ ತೆಗೆದು, ಬಾಗಿದ ಕಡ್ಡಿಗಳನ್ನು ನೆಟ್ಟಗೆ ಮಾಡಿ, ಕಂಬಕ್ಕೆ ಬಿದಿರು ಕೊಟ್ಟು, ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿದರು. ಆಂಟೆನಾ ನಿಂತಿತು. ಆದರೆ ಗಾಳಿ ಬೀಸಿದ ಕಡೆ ತಿರುಗತೊಡಗಿತು. ಒಮ್ಮೆ ಗುಲ್ಬರ್ಗಾ, ಒಮ್ಮೆ ಚಿತ್ತಾಪುರ, ಒಮ್ಮೆ ಸ್ಟೇಷನ್ನು.

"ಯಾರರ ಕೈಲೇ ಹಿಡಕೊಂಡು ನಿಂದ್ರಬೇಕ್ರಿ," ಎಂದ ನರಸಪ್ಪ.

"ಯಾರು?"

ನರಸಪ್ಪ ಶಿವರಾಯನ ಉದ್ದನೆಯ ಕೈಗಳನ್ನು ಮೆಚ್ಚುಗೆಯಿಂದ ನೋಡಿದ.

ಸಂಜೆಗೆ ಅಂಗಳ ತುಂಬಿತು. ಹೆಂಗಸರು ಕಡ್ಲಿಬೇಳೆ ಆರಿಸುವ ಮೊರ ಹಿಡಿದೇ ಬಂದರು. ಪಡಸಾಲೆಯಿಂದ ಅಂಗಳದ ಕಡೆ ಮುಖಮಾಡಿಟ್ಟ ಟಿ.ವಿ.ಗೆ ಎದುರಾಗಿ ಒಳ್ಳೆಯ ಜಾಗ ಹಿಡಿದಿಟ್ಟು ಆಮೇಲೆ ಚರ್ಚೆಯ ಕಡೆ ತಿರುಗಿ ಕೂತರು. ಬಸವಂತರಾಯ ಮಾಸ್ತರರು ಖುರ್ಚಿಯ ಪಕ್ಕ ಕೋಲೂರಿ ನಿಂತು, ಹಿಂಸೆಯ ಬೀಜ ಎಳೆಯ ಮನಸ್ಸುಗಳಲ್ಲಿ ಹೇಗೆ ಮೊಳೆಯುತ್ತದೆ ಎಂಬುದನ್ನು ವಿವರಿಸಿದರು. ಹರವಿಯ ಚೂರನ್ನು ಎತ್ತಿ ತೋರಿಸಿದರು.

"ಮಾಸ್ತರ, ನನಗೊಂದು ಮಾತಿಗಿ ಅವಕಾಶ ಕೊಡ್ರಿ," ಎಂದಳು ಸುಂದರಬಾಯಿ ಮೊದಲ ಸಾಲಿನಿಂದ. "ಹರವಿ ಸಂತ್ಯಾಗ ಸಿಗ್ತದ. ಮಮ್ಮಗ ಸಿಗ್ತಾನೇನು? ನನ್ನ ಸೊಸಿ ಹೊಡೆದಾಟ ನೋಡಬೇಕು. ನೋಡಿದ್ರ ಗಂಡು ಹುಟ್ತದ."

ಅಂಗಳದಲ್ಲಿ ಗುಜುಗುಜು ಎದ್ದಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

"ಬಾಯೀರಿ, ಕೂಸು ಗಂಡೋ ಹೆಣ್ಣೋ ಅನ್ನೋದು ಮೊದಲ ದಿನಾನೇ ನಿಶ್ಚಯ ಆಗಿರ್ತದ. ಆಮ್ಯಾಲ ಏನ್ ನೋಡಿದ್ರೂ ಬದಲಾಗೂದಿಲ್ಲ."

"ನೀವು ಆವಾಗ ಅಲ್ಲಿದ್ರೇನು?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾಸ್ತರರ ಕಿವಿ ಕೆಂಪಾಯಿತು.

"ಹಂಗೇ ಆಗಲಿ. ಹೊಡೆದಾಟ ನೋಡಿ ಹುಟ್ಟಿದ ಮಗ ಹೊಡೆದಾಡವನೇ ಆಗ್ತಾನ. ರೌಡಿ ಮಮ್ಮಗ ಬೇಕೇನು ನಿಮಗ?"

"ರೌಡಿ ಆದ್ರೂ ನಮ್ಮ ಮನಿ ರೌಡಿನೇ ಅಲ್ಲೇನು?"

ಅಷ್ಟರಲ್ಲಿ ಸೈದಾನಬಿ ಎದ್ದು ನಿಂತಳು. ಬೆಳಗಿನ ಕೌದಿಯ ವಿಷಯ ತಿಳಿದಾಗಿನಿಂದ ಮುಖ ಮರೆಸಿಕೊಂಡು ಹಿಂದೆ ಕೂತಿದ್ದವಳು. "ಅಯ್ಯ ಸುಂದರಬಾಯಕ್ಕಾ, ನಾ ಒಂದ್ ಕೇಳ್ತೀನಿ. ನಮ್ಮನ್ಯಾಗ ಟಿ.ವಿ. ಇರಲಿಲ್ಲ. ನಾ ಒಲಿ ಬಿಟ್ಟು ಬ್ಯಾರೇ ಏನೂ ನೋಡಿಲ್ಲ. ಐದೂ ಗಂಡೇ ಹುಟ್ಟ್ಯಾವ. ಮುಪ್ಪಿನ ಕಾಲಕ್ಕ ತಲಿ ಬಾಚಲಿಕ್ಕ ಒಂದ್ ಹೆಣ್ಣು ಕೊಡು ಅಂತ ಅಲ್ಲಾಗ ಎಷ್ಟ್ ಕೇಳ್ದೆ. ನಾ ಏನ್ ನೋಡಬೇಕಿತ್ತು, ನೀವೇ ಹೇಳ್ರಿ?"

ಶಿವಕಾಂತಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಕಿರಿಯ ಮಗಳು ಓಡಿಹೋಗಿ, ತನ್ನ ರಿಬ್ಬನ್ ಬಿಚ್ಚಿದೆ, ಕಟ್ಟು ಎಂದು ಸೈದಾನಬಿಯ ಮುಂದೆ ಬೆನ್ನು ಮಾಡಿ ಕೂತಳು.

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಈಗ ಈ ಮನೆಯ ಯಜಮಾನ ಶಿವರಾಯ ಹಿಂಸೆಯ ವಿರುದ್ಧ ಮಾತಾಡ್ತಾನ."

ಶಿವರಾಯ ಎದ್ದ. ಒಂದು ಕಡೆ ಮಾಸ್ತರರ ಕಣ್ಣು, ಇನ್ನೊಂದು ಕಡೆ ಅವ್ವನ ಕಣ್ಣು. ಎರಡು ಎತ್ತುಗಳು ಎರಡು ದಿಕ್ಕಿಗೆ ಎಳೆಯುವ ನೊಗದಂತಾಯಿತು ಅವನ ಸ್ಥಿತಿ.

"ಹಿಂಸೆ ಅಂದ್ರ... ಕೆಟ್ಟದ್ದು," ಎಂದ. ಮಾಸ್ತರರು ತಲೆಯಾಡಿಸಿದರು. ಅವ್ವ ಕೆಮ್ಮಿದಳು. "ಆದ್ರ ಸ್ವಲ್ಪ ಇದ್ರ... ಊಟದಾಗ ಉಪ್ಪಿನಕಾಯಿ ಇದ್ದಂಗ..." ಅವ್ವ ತಲೆಯಾಡಿಸಿದಳು. ಮಾಸ್ತರರು ಕೋಲು ನೆಲಕ್ಕೆ ಕುಟ್ಟಿದರು.

"ಏನಲೇ, ಉಪ್ಪಿನಕಾಯಿ! ಮುಂಜಾನೆ ಒಪ್ಪಿಕೊಂಡು ಈಗ ತಿರುಗಿ ಬೀಳ್ತಿ?" ಎಂದು ಅವರು ಅಹಿಂಸೆಯ ಪರವಾಗಿ ಕೋಲು ಎತ್ತಿಯೇಬಿಟ್ಟರು. ನರಸಪ್ಪ ಓಡಿಬಂದು ಕೋಲು ಹಿಡಿದ. ಆ ಜಗ್ಗಾಟದಲ್ಲಿ ಖುರ್ಚಿ ಉರುಳಿತು, ಮೊರ ಮಗುಚಿತು, ಬೇಳೆ ಅಂಗಳದ ತುಂಬ ಚೆಲ್ಲಿತು. ಹುಡುಗರು ಚಪ್ಪಾಳೆ ತಟ್ಟಿದರು.

"ಟೈಮ್ ಆತು! ಸಿನಿಮಾ ಹಚ್ಚ್ರಿ!" ಎಂದು ಯಾರೋ ಕೂಗಿದ್ದೇ ತಡ, ಸಮಾಜದ ಹಿತಾಹಿತವನ್ನು ಅಲ್ಲೇ ಬಿಟ್ಟು ಎಲ್ಲರೂ ಟಿ.ವಿ.ಯ ಕಡೆ ತಿರುಗಿದರು. ಶಿವರಾಯ ತಪ್ಪಿಸಿಕೊಂಡರೆ ಸಾಕೆಂದು ಏಣಿ ಹತ್ತಿದ.

ಮಾಳಿಗೆಯ ಫರಸಿ ಕಲ್ಲು ಇನ್ನೂ ಕಾದಿತ್ತು. ಶಿವರಾಯ ಅಂಗಾಲು ಬದಲಿಸುತ್ತ ಆಂಟೆನಾ ಅಪ್ಪಿಕೊಂಡು ನಿಂತ. ಕೆಳಗಿನ ಬಾಗಿಲಲ್ಲಿ ನಿಂತ ನರಸಪ್ಪ ಸಿಗ್ನಲ್ ಕೊಡುವವನ ಹಾಗೆ ಕೈಬೀಸಿ ಕೂಗತೊಡಗಿದ.

"ಬಲಕ್ಕ! ಇನ್ನಾ ಬಲಕ್ಕ! ಬಂತು ಬಂತು... ಹೋತು! ಅಲ್ಲೇ ನಿಂದ್ರ್ರಿ, ಉಸಿರು ಬಿಡಬ್ಯಾಡ್ರಿ!"

ಚಿತ್ರ ನಿಂತಿತು. ಹಾಡು ಕೇಳಿಸಿತು.

"ಹೊಡೆದಾಟ ಬಂತೇನೋ?" ಎಂದು ಕೂಗಿದ ಶಿವರಾಯ.

"ಇಲ್ರಿ. ಗಿಡ ಸುತ್ತಾಕತ್ತಾರ."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. "ಈಗರ?"

"ತಾಯಿ ಅಳಾಕತ್ತಾಳ್ರಿ. ಮಗ ಕಳದಾನಂತ."

ಶಿವರಾಯನಿಗೂ ಅಳು ಬಂತು. ಪುಸ್ತಕದಂಗಡಿಯವನ ಮೇಲೆ ಸಿಟ್ಟು ಬಂತು. ದೂರದಲ್ಲಿ ಹಳಿಗಳು ಸಂಜೆಯ ಬೆಳಕಿಗೆ ಮಿನುಗುತ್ತಿದ್ದವು. ನಾಳೆ ಅದೇ ಹಳಿಯ ಮೇಲೆ ಶಿವಕಾಂತಮ್ಮನನ್ನು ಕೂಡಿಸಿಕೊಂಡು ಹೋಗಬೇಕು. ಬರುವಾಗ? ಸೈದಾನಬಿಯ ಮುಂದೆ ಬೆನ್ನು ಮಾಡಿ ಕೂತ ಮಗಳು ಕಣ್ಣಿಗೆ ಕಟ್ಟಿದಳು. ದೇವರೇ, ಯಾರಾದರೂ ಯಾರಿಗಾದರೂ ಹೊಡೆಯಲಿ ಎಂದು ಅವನು ಜೀವನದಲ್ಲಿ ಮೊದಲ ಸಲ ಬೇಡಿಕೊಂಡ.

ದೇವರು ಕೇಳಿಸಿಕೊಂಡ. ಕೆಳಗಿನಿಂದ ಢಿಶುಂ ಎಂಬ ಸಪ್ಪಳ, ಅದರ ಹಿಂದೆ ಇಡೀ ಅಂಗಳದ ಕೇಕೆ.

"ಬಂತ್ರಿ! ಶುರುವಾತ್ರಿ! ಏಳೆಂಟ್ ಮಂದಿ ಅದಾರ!" ನರಸಪ್ಪ ಕುಣಿದಾಡಿದ.

ಶಿವರಾಯ ಆಂಟೆನಾವನ್ನು ಮಗುವಿನಂತೆ ಎದೆಗೊತ್ತಿಕೊಂಡ. ತೋಳು ಮರಗಟ್ಟಿತು. ಸೊಳ್ಳೆಗಳು ಕಾಲಿಗೆ ಮುತ್ತಿದವು. ಅವನು ಅಲುಗಲಿಲ್ಲ. ಒಂದೊಂದು ಏಟಿಗೂ ಬೊಂಬಾಯಿ ಅಷ್ಟಷ್ಟು ದೂರ ಸರಿಯುತ್ತಿತ್ತು.

ಸಿನಿಮಾದ ನಡುವೆ ಸುದ್ದಿ ಓದುವ ಹೊತ್ತಾಯಿತು. ಶಿವರಾಯ ಜೋಲು ತೋಳುಗಳನ್ನು ಹೊತ್ತುಕೊಂಡು ಕೆಳಗಿಳಿದ. ಹೆಂಡತಿಯ ಮುಖದಲ್ಲಿ ನೆಮ್ಮದಿ ನೋಡಬೇಕಿತ್ತು ಅವನಿಗೆ. ಟಿ.ವಿ.ಯ ಮುಂದೆ ಅವಳಿರಲಿಲ್ಲ. ಅಡುಗೆಮನೆಯಲ್ಲಿ ಗೋಡೆಗೊರಗಿ, ಕಾಲು ಚಾಚಿ, ಹುರಿದ ಶೇಂಗಾ ಸುಲಿಯುತ್ತ ಕೂತಿದ್ದಳು.

"ಇಲ್ಯಾಕ ಕುಂತೀ? ಹೊಡೆದಾಟ ನೋಡಿದಿಲ್ಲ?"

"ಇಲ್ಲ. ನನಗ ಅದರ ಗದ್ದಲಕ್ಕ ತಲಿ ಶೂಲಿ ಬರ್ತದ."

ಶಿವರಾಯ ಅಲ್ಲೇ ಕುಸಿದು ಕೂತ. "ಒಂದೂ ಏಟು ನೋಡಿಲ್ಲ? ಅವ್ವಗ ಗೊತ್ತಾದ್ರ ನಾಳೆ..."

ಅಷ್ಟರಲ್ಲಿ ಅವ್ವನೇ ನೀರು ಕುಡಿಯಲು ಒಳಗೆ ಬಂದಳು. ಸೆರಗು ಜಾರಿತ್ತು, ವಿಭೂತಿ ಬೆವರಿಗೆ ಕರಗಿತ್ತು, ಕಣ್ಣುಗಳು ಹದಿನಾರರ ಹುಡುಗಿಯಂತೆ ಹೊಳೆಯುತ್ತಿದ್ದವು.

"ಅವ್ವಾ, ಸಿಟ್ಟಾಗಬ್ಯಾಡ," ಎಂದ ಶಿವರಾಯ. "ಇನ್ನೂ ಸಿನಿಮಾ ಅದ. ಉಳದದ್ದು ಈಕಿ ನೋಡ್ತಾಳ. ನಾನೇ ಕೂಡಸ್ತೀನಿ."

"ಆಕೀಗಿ ಯಾಕ ಕೂಡಸ್ತಿ? ನಾನೇ ಮಲಕೋ ಹೋಗು ಅಂದೀನಿ."

"ಮತ್ತ ಗಂಡು ಕೂಸು?"

ಸುಂದರಬಾಯಿ ಬಾಗಿಲ ಕಡೆ ನೋಡಿ, ಯಾರಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಗನ ಪಕ್ಕ ಕೂತಳು.

"ಹುಚ್ಚಪ್ಪಾ, ಗಂಡಾದ್ರ ಗಂಡು, ಹೆಣ್ಣಾದ್ರ ಹೆಣ್ಣು. ನಾ ಏನ್ ಹೆಣ್ಣಲ್ಲೇನು? ನಿಮ್ಮಪ್ಪ ಇದ್ದಾಗ ಕುಸ್ತಿಗಿ ಹೋಗಿಬಂದು ಕಥಿ ಹೇಳ್ತಿದ್ದ. ನನ್ನೂ ಕರಕೊಂಡ್ ಹೋಗ್ರಿ ಅಂದ್ರ, ಹೆಂಗಸರಿಗಿ ಅಲ್ಲೇನ್ ಕೆಲಸ ಅಂತಿದ್ದ. ಗ್ವಾಡಿ ಆಚಿಂದ ಮಂದಿ ಕೇಕಿ ಕೇಳಿಕೋತ ಮುದುಕಿ ಆದೆ. ಈಗ ಮನ್ಯಾಗೇ ಹೊಡೆದಾಟ ಬಂದ್ರ, ನೀ ಆ ಮಾಸ್ತರನ ಮಾತು ಕೇಳಿ ಕೂಡ್ಲೇ ಎದ್ದು ಆರಿಸಿಬಿಡ್ತಿದ್ದಿ. ಹಣಿ ತುಂಬ ವಿಭೂತಿ ಹಚ್ಚಿಕೊಂಡು ನಾ ಬಾಯಿ ಬಿಟ್ಟು ಹೊಡೆದಾಟ ಹಚ್ಚು ಅಂದ್ರ ಮಂದಿ ಏನಂದಾರು? ಸೊಸಿ ಹೊಟ್ಟಿ ಮುಂದ ಮಾಡಿದೆ, ಅಷ್ಟೇ."

"ಅಂದ್ರ ಬೊಂಬಾಯಿ?"

ಸುಂದರಬಾಯಿಯ ಮುಖದ ಹೊಳಪು ಸ್ವಲ್ಪ ತಗ್ಗಿತು. "ಮದುವ್ಯಾಗ ಆ ಹುಡುಗಿ ಮುಖ ನೋಡೀನಿ ನಾ. ಎಲ್ಲಾರ ಕೂಸು ಎತ್ತಿಕೊಂಡು ಅಡ್ಡಾಡ್ತಿದ್ಲು. ಅದನ್ನ ನನ್ನ ಸೊಸಿಗಿ ಮಾಡ್ತೀನೇನು? ಅವತ್ತ ರಾತ್ರಿನೇ ಈಕೀಗಿ ಹೇಳೀನಿ, ಹೆದರಬ್ಯಾಡ, ಸುಮ್ಮ ಅಂದೀನಿ ಅಂತ."

ಶಿವರಾಯ ಹೆಂಡತಿಯ ಕಡೆ ತಿರುಗಿದ. "ನಿನಗ ಗೊತ್ತಿತ್ತು? ತಿಂಗಳಾನ ನಾ ನಿದ್ದಿ ಮಾಡಿಲ್ಲ. ನನಗ ಒಂದ್ ಮಾತ್ ಹೇಳಬಾರದಾ?"

ಶಿವಕಾಂತಮ್ಮ ಶೇಂಗಾದ ಸಿಪ್ಪೆಯನ್ನು ನಿಧಾನವಾಗಿ ಊದಿದಳು.

"ಹೇಳಬೇಕಂತಿದ್ದೆ. ಆದ್ರ ನೀವು ಒಮ್ಮ್ಯಾರ, ಬ್ಯಾಡವ್ವಾ, ನನ್ನ ಹೆಂಡತಿಗಿ ನಾ ಬೊಂಬಾಯಿಗಿ ಒಯ್ಯೂದಿಲ್ಲ ಅಂತೀರೇನೋ ಅಂತ ಕಾಯ್ಕೊತ ಕುಂತೆ. ಕಂಬ ನೆಟ್ಟಿರಿ, ಟ್ಯೂಬ್ ಕಟ್ಟಿರಿ, ಮಾಳಿಗಿ ಹತ್ತಿರಿ. ಅದೊಂದ್ ಮಾತು ಮಾತ್ರ ಬರಲಿಲ್ಲ."

ಶೇಂಗಾದ ಬುಟ್ಟಿ ಎತ್ತಿಕೊಂಡು ಅವಳು ಹಿತ್ತಲಿಗೆ ನಡೆದುಬಿಟ್ಟಳು.

"ಅದಕ್ಕ ನಂದೂ ಸಿಟ್ಟದ," ಎಂದಳು ಸುಂದರಬಾಯಿ. "ಅವತ್ತೇ ನೀ ಎದ್ದು ನಿಂತು ನನಗ ಎದುರಾಡಿದ್ರ, ಭಲೇ ಮಗನೇ ಅಂತಿದ್ದೆ. ಟಿ.ವಿ. ಆಸೆನೂ ಬಿಡ್ತಿದ್ದೆ."

ಶಿವರಾಯ ಎದ್ದು ನಿಂತ. ನಲವತ್ತು ವರ್ಷಕ್ಕೆ ಹತ್ತಿರವಾದ ದೇಹವೆಲ್ಲ ಒಮ್ಮೆ ಬಿಗಿಯಿತು. "ಬ್ಯಾಡವ್ವಾ!" ಎಂದು ಗೋಡೆಯ ಮೇಲಿನ ಡಬ್ಬಿಗಳು ಅದುರುವಂತೆ ಕೂಗಿದ. "ಬೊಂಬಾಯಿಗಿ ನಾ ಒಯ್ಯೂದಿಲ್ಲ! ಹೆಣ್ಣೇ ಹುಟ್ಟಲಿ!"

ಹಿತ್ತಲಿನಿಂದ ಏನೂ ಉತ್ತರ ಬರಲಿಲ್ಲ. ಅಂಗಳದಿಂದ ಬಂತು.

"ಶಿವರಾಯಾ, ಯಾಕ ಒದರಾಕತ್ತಿ? ಸುದ್ದಿ ಮುಗೀತು, ಬೇಗ ಹತ್ತಪ್ಪಾ!" ಬಸವಂತರಾಯ ಮಾಸ್ತರರ ದನಿ. ಅವರು ಎರಡನೇ ಸಾಲಿನಲ್ಲಿ, ನರಸಪ್ಪ ತಂದಿಟ್ಟ ಖುರ್ಚಿಯಲ್ಲಿ ಕನ್ನಡಕ ಏರಿಸಿಕೊಂಡು ಕೂತಿದ್ದರು. ಶಿವರಾಯ ಹೊರಗೆ ಬಂದು ಬೆರಗಾಗಿ ನೋಡಿದ್ದಕ್ಕೆ, "ಹಿಂಸೆ ಎಷ್ಟದ ಅಂತ ಪೂರ್ತಿ ತಿಳೀದೆ ವಿರೋಧ ಮಾಡೂದು ನ್ಯಾಯ ಅಲ್ಲ," ಎಂದರು.

ಅವರ ಹಿಂದೆ, ಆಚೆ ಸಾಲಿನ ಕ್ವಾರ್ಟರ್ಸಿನ ಇಬ್ಬರು ಬಸುರಿಯರು ತಂತಮ್ಮ ಅತ್ತೆಯರೊಂದಿಗೆ ಆಗಲೇ ಚಾಪೆ ಹಾಸಿದ್ದರು. "ನಮ್ಮ ಸೊಸಿಗಿ ಮುಂದಿನ ತಿಂಗಳು ಐದಕ್ಕ ಬೀಳ್ತದ್ರಿ," ಎಂದಳು ಒಬ್ಬಾಕೆ ನಯವಾಗಿ. "ಎಲ್ಲಾ ಐತವಾರ ಬರ್ತೀವ್ರಿ. ನೀವು ಮ್ಯಾಲ ಇರ್ತೀರಲ್ಲ?"

ಶಿವರಾಯ ಈಗಷ್ಟೇ ಕಲಿತ ಮಾತನ್ನು ನೆನಪಿಸಿಕೊಂಡ. ಬಾಯಿ ತೆರೆದ. ಸುಂದರಬಾಯಿ ಆಗಲೇ ಮೊದಲ ಸಾಲಿಗೆ ಮರಳಿ ಸೆರಗು ಸರಿಮಾಡಿಕೊಂಡು, ಊರಿಗೆಲ್ಲ ಮಮ್ಮಗನ ಚಿಂತೆಯಲ್ಲಿರುವ ಮುದುಕಿಯಾಗಿ ಕೂತು, ಅವನ ಮುಖವನ್ನೇ ನೋಡುತ್ತಿದ್ದಳು. ಗೋಡೆಯಾಚೆಯ ಕೇಕೆ ಕೇಳಿಯೇ ಮುದುಕಿಯಾದವಳು.

"ಇರ್ತೀನ್ರಿ," ಎಂದ ಶಿವರಾಯ.

ಮಾಳಿಗೆಯ ಕಲ್ಲು ಈಗ ತಣ್ಣಗಾಗಿತ್ತು. ಹಿತ್ತಲಲ್ಲಿ ಶಿವಕಾಂತಮ್ಮ ಅವನ ಕಡೆಗೆ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿದ್ದಳು. ಅವಳು ಒಮ್ಮೆಯಾದರೂ ತಲೆಯೆತ್ತುತ್ತಾಳೇನೋ ಎಂದು ಅವನು ಆ ಕಡೆಗೆ ಸ್ವಲ್ಪ ಬಗ್ಗಿದ.

"ಹೋತು! ಹೋತು!" ಇಡೀ ಅಂಗಳ ಒಕ್ಕೊರಲಿನಿಂದ ಬೊಬ್ಬೆ ಹೊಡೆಯಿತು. "ನೆಟ್ಟಗ ನಿಂದ್ರ್ರಿ, ಶಿವರಾಯಪ್ಪಾ!"